ಅಕ್ಕನ ಪ್ಲೇಟು, ತಂಗಿಯ ಕಾಗದ

"ಆ ಮನುಷ್ಯನನ್ನ ಇಡೀ ದೇಶ ನೋಡಿದೆ, ಆದರೆ ಮೊಣಕೈ ಮಾತ್ರ." ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ, ಯಾರ ಮನೆಯ ನಾಯಿ ಕಚ್ಚುತ್ತೆ ಅಂತ ಹೇಳಿಕೊಟ್ಟ ಮೇಲೆ ಮೂರನೆಯದಾಗಿ ಹೇಳಿಕೊಡುತ್ತಿದ್ದದ್ದು ಈ ಮಾತನ್ನೇ. ಹಸಿರು ಗೇಟಿನ ಮನೆಯತ್ತ ಗಲ್ಲ ತೋರಿಸಿ, ದನಿ ತಗ್ಗಿಸಿ, "ಮೊಣಕೈ ಡ್ರೈವರ್ ಮನೆ" ಅನ್ನುತ್ತಿದ್ದರು. ದನಿ ತಗ್ಗಿಸಿ ಏನು ಪ್ರಯೋಜನ? ಬೀದಿ ಇದ್ದದ್ದೇ ಎರಡು ಮಾರು ಅಗಲ. ಡ್ರೈವರ ಹೆಂಡತಿ, ಬೀದಿಗೆಲ್ಲ ಡ್ರೈವರಮ್ಮ, ಅಡುಗೆಮನೆಯ ಕಿಟಕಿಯಿಂದಲೇ ಉತ್ತರ ಕೊಡುತ್ತಿದ್ದರು: "ಇವರದ್ದು ಮೊಣಕೈಯಾದರೂ ಕಂಡಿತು. ನಿಮ್ಮದು ಉಗುರೂ ಕಂಡಿಲ್ಲವಲ್ಲಪ್ಪ."

ವಿಷಯ ಇಷ್ಟು. ಮೂವತ್ತೊಂದು ವರ್ಷದ ಹಿಂದೆ ಟಿವಿಯಲ್ಲಿ ಪ್ರತಿ ಭಾನುವಾರ ಸಂಜೆ ಆರಕ್ಕೆ ಒಂದು ಧಾರಾವಾಹಿ ಬರುತ್ತಿತ್ತು. ಬೆಟ್ಟದ ಬುಡದ ಒಂದು ಪುಟ್ಟ ಸ್ಟೇಷನ್ನು, ಅಲ್ಲಿಗೆ ದಿನಕ್ಕೊಮ್ಮೆ ಬರುವ ಉಗಿಬಂಡಿ, ಆ ಬಂಡಿ ಹತ್ತಿಳಿಯುವವರ ಕಥೆ. ಸೀಟಿ ಕೇಳಿತೆಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. ಅದರಲ್ಲಿ ಇಂಜಿನ್ ಡ್ರೈವರ್ ಆಗಿದ್ದವನು ಒಬ್ಬ ನಟ. ದಪ್ಪ ಮೀಸೆ, ತುಂಬಿದ ದನಿ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ನಿಂತನೆಂದರೆ ನಿಜವಾದ ಡ್ರೈವರುಗಳೂ ನಾಚಬೇಕು. ಆದರೆ ಆತನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಇಂಜಿನ್ನಿನ ಒಲೆಯ ಬಾಗಿಲು ತೆರೆದರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಹಾಗಾಗಿ ಆತನ ಕಾಲ ಬುಡದಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ, ನಮ್ಮ ಡ್ರೈವರು ಕುಕ್ಕರಗಾಲಲ್ಲಿ ಕೂತು ಬಂಡಿ ಓಡಿಸುತ್ತಿದ್ದರು.

ಕೂತವರಿಗೆ ಮುಂದಿನ ಹಳಿ ಕಾಣುವುದಿಲ್ಲ. ಡೈರೆಕ್ಟರಿಗೆ ಮಾತ್ರ ಬಂಡಿ ಸರಿಯಾಗಿ ದೀಪದ ಕಂಬದ ಪಕ್ಕಕ್ಕೇ ನಿಲ್ಲಬೇಕು, ಒಂದು ಮೊಳ ಆಚೆಯಾದರೂ ಎಲ್ಲ ಮೊದಲಿನಿಂದ. ನಮ್ಮ ಡ್ರೈವರು ಬೆಳಿಗ್ಗೆಯೇ ಹಳಿಯ ಗುಂಟ ನಡೆದು, ಎರಡು ಹಳಿ ಕೂಡುವ ಸಂದುಗಳನ್ನು ಎಣಿಸಿಟ್ಟುಕೊಳ್ಳುತ್ತಿದ್ದರು. ಸಿಗ್ನಲ್ಲಿನಿಂದ ಕಂಬಕ್ಕೆ ಇಪ್ಪತ್ತಾರು ಸಂದು. ಚಕ್ರ ಹಾಯುವಾಗ ಒಂದೊಂದಕ್ಕೂ ಒಂದು ಟಕ್ಕು. ಇಪ್ಪತ್ತೆರಡಕ್ಕೆ ಹಬೆ ಮುಚ್ಚು, ಇಪ್ಪತ್ತನಾಲ್ಕಕ್ಕೆ ಬ್ರೇಕು, ಇಪ್ಪತ್ತಾರಕ್ಕೆ ನಟನ ಮೀಸೆ ಕಂಬದ ಪಕ್ಕ. ಒಂದು ವರ್ಷದ ಶೂಟಿಂಗಿನಲ್ಲಿ ಎರಡೇ ಎರಡು ಸಲ ತಪ್ಪಿತಂತೆ. ಅದರಲ್ಲಿ ಒಂದು ಸಲ ಹಳಿಯ ಮೇಲೆ ಆಡು ಮಲಗಿತ್ತು.

ಹಬೆಯ ಹಿಡಿಕೆ ಎತ್ತರದಲ್ಲಿತ್ತು. ಕೈ ಮೇಲೆತ್ತಿಯೇ ಎಳೆಯಬೇಕು. ಹನ್ನೊಂದನೇ ಕಂತಿನಲ್ಲಿ ಒಂದು ಕ್ಷಣ, ನಟನ ಸೊಂಟದ ಪಕ್ಕ, ಮಸಿ ಹಿಡಿದ ಒಂದು ಮೊಣಕೈ ಬಂದು ಹೋಗುತ್ತದೆ. ಡ್ರೈವರಮ್ಮ ಅದನ್ನು ಕಂಡುಹಿಡಿದು ಬೀದಿಗೆಲ್ಲ ಸಾರಿದ್ದೇ ತಡ, ಹೆಸರು ಅಂಟಿಕೊಂಡಿತು.

ಅವರು ಆ ಶೆಡ್ಡಿಗೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಇಂಜಿನ್ ಒರೆಸುವ ಕೆಲಸಕ್ಕೆ. ಆಮೇಲೆ ಕಲ್ಲಿದ್ದಲು ಎತ್ತಿಹಾಕುವ ಫೈರ್‌ಮನ್, ಆಮೇಲೆ ಡ್ರೈವರ್. ಆ ಸಣ್ಣ ಲೈನಿನಲ್ಲಿ ಒಂದೇ ಅಚ್ಚಿನ ಎರಡು ಉಗಿ ಇಂಜಿನ್ನುಗಳಿದ್ದವು: ನಲವತ್ತೊಂದು, ನಲವತ್ತಮೂರು. ಶೆಡ್ಡಿನವರಿಗೆ ನಲವತ್ತೊಂದು ಅಕ್ಕ, ನಲವತ್ತಮೂರು ತಂಗಿ. ಅಕ್ಕ ಹಟಮಾರಿ. ಬೆಳಿಗ್ಗೆ ಏಳಬೇಕಾದರೆ ತಂಗಿಗಿಂತ ಅರ್ಧ ಗಂಟೆ ಹೆಚ್ಚು ಬೆಂಕಿ ಬೇಕು, ಸೀಟಿ ಗಂಟಲು ಕಟ್ಟಿದ ಹಾಗೆ. ಆದರೆ ಒಮ್ಮೆ ಮನಸ್ಸು ಮಾಡಿದರೆ ಎಂಥ ಏರನ್ನೂ ಹತ್ತುತ್ತಿದ್ದಳು. ತಂಗಿ ಸಾಧು, ಹೇಳಿದ ಹಾಗೆ ಕೇಳುವವಳು. ಕೇಳುವವರ ಮೇಲೆ ಯಾರಿಗೆ ಕಣ್ಣು? ಡ್ರೈವರು ಹದಿನೇಳು ವರ್ಷ ಅಕ್ಕನ ಜೊತೆ ಕಳೆದರು. ಧಾರಾವಾಹಿಯವರು ಬಂದು ಎರಡನ್ನೂ ನೋಡಿ ಅಕ್ಕನನ್ನೇ ಆರಿಸಿದಾಗ, ಮಗಳಿಗೆ ಒಳ್ಳೆಯ ಸಂಬಂಧ ಬಂದಷ್ಟು ಹಿಗ್ಗಿದರು.

ಶೂಟಿಂಗು ಅರ್ಧ ಮುಗಿದಿತ್ತು. ಒಂದು ದಿನ ಶೆಡ್ಡಿನ ಬಾಯ್ಲರ್ ಫಿಟ್ಟರು ಆರಿದ ಒಲೆಯೊಳಕ್ಕೆ ತೆವಳಿಕೊಂಡು ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿದ್ದ ಸೀಮೆಸುಣ್ಣವನ್ನು ಎಸೆದ.

"ನಿಮ್ಮ ಅಕ್ಕ ಮುಗೀತು ಡ್ರೈವರೇ" ಅಂದ. "ಎಡಗಡೆ ಮೂಲೆ, ಒಲೆಯೊಳಗಿನ ಇಟ್ಟಿಗೆ ಕಮಾನಿನ ಹಿಂದೆ. ಬಿರುಕು ಒಂದು ಗೇಣು ಇದೆ."

"ಬೆಸುಗೆ ಹಾಕಿದರೆ?"

"ಅರಿವೆ ಹಳೇದಾದ ಮೇಲೆ ತೇಪೆ ಎಲ್ಲಿ ನಿಲ್ಲುತ್ತೆ? ಒಲೆ ಸುತ್ತ ಕುದಿಯೋ ನೀರಿದೆ. ಆ ತಗಡು ಬಾಯಿ ಬಿಟ್ಟರೆ ಅಷ್ಟೂ ನೀರು ಹಬೆಯಾಗಿ ನಿಮ್ಮ ಮೇಲೇ ಬರೋದು. ಮೊದಲ ಡಬ್ಬಿಯವರನ್ನೂ ಬಿಡಲ್ಲ."

ಶೆಡ್ಡಿನ ಮೇಲಧಿಕಾರಿ ಇದನ್ನು ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಬಿರುಕನ್ನು ಪುಸ್ತಕದಲ್ಲಿ ಬರೆದರೆ ಇಂಜಿನ್ ನಿಂತಿತು, ಇಂಜಿನ್ ನಿಂತರೆ ಶೂಟಿಂಗ್ ನಿಂತಿತು. ಧಾರಾವಾಹಿಯವರಿಗೆ ಬೇಕಾದದ್ದು ನಲವತ್ತೊಂದು. ಅದರ ಅಂಕಿ ಆಗಲೇ ಮಕ್ಕಳ ಬಾಯಲ್ಲಿತ್ತು. ಕೊನೆಗೆ ಆತ ಯಾವುದನ್ನೂ ಬರೆಯಲಿಲ್ಲ, ಬಾಯಲ್ಲಿ ಹೇಳಿದ: ಅಕ್ಕನ ನಂಬರ್ ಪ್ಲೇಟು ಬಿಚ್ಚಿ ತಂಗಿಗೆ ಹಾಕಿ, ತಂಗಿಯದು ಅಕ್ಕನಿಗೆ. ಹಿತ್ತಾಳೆಯ ಪ್ಲೇಟು ಮೂರು, ಮುಂದೊಂದು, ಪಕ್ಕಕ್ಕೆರಡು. ಒಂದೊಂದಕ್ಕೆ ನಾಲ್ಕು ಬೋಲ್ಟು. ಅಕ್ಕನ ಗೊಗ್ಗರು ಸೀಟಿಯನ್ನೂ ಬಿಚ್ಚಿ ತಂಗಿಯ ತಲೆಗೆ ಕೂರಿಸಿದರು. ಅಕ್ಕ ನಲವತ್ತಮೂರು ಅನ್ನುವ ಪ್ಲೇಟು ಹೊತ್ತು ಹಿಂದಿನ ಹಳಿಯಲ್ಲಿ ನಿಂತಳು. ಧಾರಾವಾಹಿಯ ಉಳಿದರ್ಧದಲ್ಲಿ ಓಡಿದ್ದು ತಂಗಿ. ಕೊನೆಯ ಕಂತಿನಲ್ಲಿ ಇಂಜಿನ್ನು ಮಂಜಿನೊಳಗೆ ಮರೆಯಾದಾಗ ಜನ ಸೆರಗಿನಲ್ಲಿ ಕಣ್ಣೊರೆಸಿಕೊಂಡರಲ್ಲ, ಅದು ತಂಗಿಗಾಗಿ. ಶೆಡ್ಡಿನ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಆ ನಡುವೆ ಬಾಯ್ಲರ್ ತಪಾಸಣೆಯವರು ಬಂದರು. ಪ್ಲೇಟು ನೋಡಿ, ಒಲೆಯೊಳಗೆ ಹೊಕ್ಕು, ಬಡಿದು, ತಟ್ಟಿ, ನೀರಿನ ಒತ್ತಡ ಕೊಟ್ಟು, "ಇಂಜಿನ್ ನಂಬರ್ ನಲವತ್ತೊಂದು. ಬಾಯ್ಲರ್ ಅತ್ಯುತ್ತಮ ಸ್ಥಿತಿಯಲ್ಲಿದೆ" ಅಂತ ಬರೆದು ಮೊಹರು ಒತ್ತಿದರು. ಅವರು ಸುಳ್ಳು ಬರೆಯಲಿಲ್ಲ. ಅವರ ಮುಂದಿದ್ದ ಬಾಯ್ಲರ್ ಅತ್ಯುತ್ತಮವೇ. ಹೆಸರು ಮಾತ್ರ ಬೇರೆಯವಳದ್ದು.

ಶೂಟಿಂಗು ಮುಗಿದು, ಟಿವಿಯಲ್ಲಿ ಕೊನೆಯ ಕಂತುಗಳು ಬರುತ್ತಿದ್ದಾಗ ಆ ಲೈನಿಗೆ ಡೀಸೆಲ್ ಬಂತು. ಅದರ ಹಿಂದೆಯೇ ಆದೇಶ: ನಲವತ್ತೊಂದನ್ನು ಸ್ಟೇಷನ್ ಮುಂದೆ ಕಟ್ಟೆಯ ಮೇಲೆ ನೆನಪಿಗಾಗಿ ನಿಲ್ಲಿಸಬೇಕು, ನಲವತ್ತಮೂರನ್ನು ಗುಜರಿಗೆ ಕೊಯ್ಯಬೇಕು. ಪ್ಲೇಟು ಇದ್ದ ಹಾಗೇ ಬಿಟ್ಟರೆ ಗಟ್ಟಿಮುಟ್ಟಾದ ತಂಗಿ ಉಳಿಯುತ್ತಿದ್ದಳು, ಒಳಗೇ ಒಡೆದ ಅಕ್ಕ ಗುಜರಿಗೆ ಹೋಗುತ್ತಿದ್ದಳು. ನ್ಯಾಯವೂ ಅದೇ. ಮೇಲಧಿಕಾರಿಯೂ ಹಾಗೇ ಅಂದುಕೊಂಡು ನಿಶ್ಚಿಂತೆಯಿಂದ ವರ್ಗವಾಗಿ ಹೋದ.

ಆತ ಹೋದ ಮರುದಿನ, ಭಾನುವಾರ ಸಂಜೆ ಆರು ಗಂಟೆಗೆ, ಕಾವಲುಗಾರನೂ ಟಿವಿಯ ಮುಂದೆ ಕೂತಿದ್ದ ಹೊತ್ತಿನಲ್ಲಿ, ನಮ್ಮ ಡ್ರೈವರು ಪಾನಾ ತೆಗೆದುಕೊಂಡು ಒಬ್ಬರೇ ಶೆಡ್ಡಿಗೆ ಹೋದರು. ಹನ್ನೆರಡು ಬೋಲ್ಟು ಇಲ್ಲಿ ಬಿಚ್ಚಿ, ಹನ್ನೆರಡು ಅಲ್ಲಿ ಬಿಚ್ಚಿ, ಪ್ಲೇಟುಗಳನ್ನು ಎದೆಗವಚಿಕೊಂಡು ಹೊತ್ತು, ಅಕ್ಕನದನ್ನು ಅಕ್ಕನಿಗೆ, ತಂಗಿಯದನ್ನು ತಂಗಿಗೆ ಹಾಕಿದರು. ಸೀಟಿಯನ್ನೂ ಮರಳಿಸಿದರು. ಮೂವತ್ತು ವರ್ಷ ತಮಗೆ ತಾವೇ ಹೇಳಿಕೊಂಡ ಮಾತು ಒಂದೇ: ನಾನು ಕದ್ದಿಲ್ಲ, ಸುಳ್ಳು ಹೇಳಿಲ್ಲ, ಅವಳ ಹೆಸರನ್ನು ಅವಳಿಗೆ ಕೊಟ್ಟೆ.

ಹದಿನೈದು ದಿನ ಕಳೆದು ತಂಗಿಯನ್ನು ಕೊಯ್ಯುವ ಕಾರ್ಖಾನೆಗೆ ಒಯ್ಯುವ ಸರದಿ ಬಂತು. ಒಯ್ಯಲು ಬೇರೆ ಇಂಜಿನ್ ಯಾಕೆ, ಇದೇ ಓಡುತ್ತೆ, ಓಡಿಸಿಕೊಂಡು ಹೋಗು ಅಂದ ಹೊಸ ಮೇಲಧಿಕಾರಿ. ಹಾಗೆ ತಂಗಿ ತನ್ನ ಕಾಲ ಮೇಲೆ ತಾನೇ ಗುಜರಿಗೆ ಹೋದಳು, ಓಡಿಸಿದವರು ಇವರು. ದಾರಿಯುದ್ದಕ್ಕೂ ಒಂದು ಕಡೆಯೂ ಹಬೆ ಸೋರಲಿಲ್ಲ, ಒಂದು ಏರಿನಲ್ಲೂ ಉಸಿರು ಕಟ್ಟಲಿಲ್ಲ. ಅವತ್ತು ಮನೆಗೆ ಬಂದವರು ಜ್ವರ ಅಂತ ಎರಡು ದಿನ ಮಲಗಿದ್ದರು. ಜ್ವರ ಇರಲಿಲ್ಲ ಅಂತ ಡ್ರೈವರಮ್ಮನಿಗೆ ಅವತ್ತೇ ಗೊತ್ತಿತ್ತು. ಡೀಸೆಲ್ಲಿನ ಮೇಲಿನ ಸಿಟ್ಟು ಅಂದುಕೊಂಡರು.

ಅಕ್ಕ ಕಟ್ಟೆಯ ಮೇಲೆ ನಿಂತಳು. ಸುತ್ತ ಬೇಲಿ, ಒಂದು ಫಲಕ. ಫಿಟ್ಟರು ಎರಡು ವರ್ಷದಲ್ಲಿ ತೀರಿಕೊಂಡ, ಮೇಲಧಿಕಾರಿ ಎಲ್ಲೋ ದೂರದಲ್ಲಿ. ಡ್ರೈವರು ನಿವೃತ್ತರಾದ ಮೇಲೂ ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಹಿಡಿದು ಹೋಗಿ ಅವಳ ಚಕ್ರದ ಸಲಾಕೆಗಳನ್ನು ಒರೆಸಿ ಬರುತ್ತಿದ್ದರು. "ಸವತಿ ಚೆನ್ನಾಗಿದ್ದಾಳಾ?" ಅಂತ ಡ್ರೈವರಮ್ಮ ಕೇಳುತ್ತಿದ್ದರು. "ತಣ್ಣಗಿದ್ದಾಳೆ" ಅನ್ನುತ್ತಿದ್ದರು.

ಅವರಿಗೆ ಎಪ್ಪತ್ತೆಂಟಾದ ವರ್ಷ ರೈಲ್ವೆಯ ಒಬ್ಬ ಇಂಜಿನಿಯರ್ ಹುಡುಗಿ ಹಸಿರು ಗೇಟು ತಳ್ಳಿಕೊಂಡು ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದ ಡ್ರೈವರ ಮಗಳು ಕಾಲು ನಿಲ್ಲಿಸಿ ಕೇಳಿಸಿಕೊಂಡಳು.

"ಅಜ್ಜ, ಧಾರಾವಾಹಿಗೆ ಮೂವತ್ತು ತುಂಬಿದ ನೆನಪಿಗೆ ನಲವತ್ತೊಂದನ್ನ ಮತ್ತೆ ಓಡಿಸ್ತೀವಿ. ಬಾಯ್ಲರ್ ತಪಾಸಣೆ ಕಾಗದ ಬಹಳ ಚೆನ್ನಾಗಿದೆ. ಮೊದಲ ಓಟಕ್ಕೆ ನೀವೇ ಡ್ರೈವರ್."

"ಕೂತುಕೊಂಡಾ, ನಿಂತುಕೊಂಡಾ?" ಅಂತ ಡ್ರೈವರಮ್ಮ ಒಳಗಿನಿಂದ ಕೇಳಿದರು.

"ನಿಂತುಕೊಂಡೇ ಅಜ್ಜಿ. ಕಿಟಕಿ ಹತ್ತಿರ. ಟಿವಿಯವರೂ ಬರ್ತಾರೆ. ಮೊದಲ ಡಬ್ಬೀಲಿ ನಲವತ್ತು ಸೀಟು ನಿಮ್ಮ ಬೀದಿಗೇ."

ಡ್ರೈವರು ಏನಾದರೂ ಹೇಳುವ ಮೊದಲೇ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಮೂಲೆ ಅಂಗಡಿಯವನು, ಮೊಣಕೈ ಅನ್ನುವ ಹೆಸರನ್ನು ಮೂವತ್ತು ವರ್ಷ ಬೆಳೆಸಿದವನು, ಅವತ್ತೇ ಸಂಜೆ ಬಂದು, "ಡ್ರೈವರೇ, ನಮ್ಮನೇಲಿ ಐದು ಜನ, ಆದರೆ ಮಗು ತೊಡೆ ಮೇಲೆ ಕೂರುತ್ತೆ" ಅಂದ. ಶಾಲೆ ಮೇಷ್ಟ್ರು ಕಿಟಕಿ ಪಕ್ಕದ ಸೀಟು ಕೇಳಿದರು. ಇಸ್ತ್ರಿ ಅಂಗಡಿಯವಳು ಯಾವ ಸೀಟೂ ಕೇಳದೆ, "ನಿಮ್ಮ ಕೋಟು ನಾನೇ ಇಸ್ತ್ರಿ ಮಾಡ್ತೀನಿ" ಅಂದಳು. ಮಗಳು ಕಡುನೀಲಿ ಬಟ್ಟೆ ತಂದು ಕೋಟಿಗೆ ಅಳತೆ ತೆಗೆದುಕೊಂಡಳು. ಕೈ ಚಾಚಿ ನಿಂತ ಅಪ್ಪನ ಬೆನ್ನು ನೆಟ್ಟಗಾದದ್ದನ್ನು ಅವಳು ಆ ದಿನವೇ ನೋಡಿದ್ದಂತೆ.

ಅವರು ಯಾಕೆ ಕೂಡಲೇ ಬಾಯಿ ಬಿಡಲಿಲ್ಲ ಅಂತ ಕೇಳಬಹುದು. ಮೊದಲು, ಹೇಗೂ ಒಲೆ ಬಿಚ್ಚುತ್ತಾರೆ, ಬಿರುಕು ಅವರ ಕಣ್ಣಿಗೇ ಬೀಳುತ್ತೆ, ನಾನು ಹೇಳುವುದೇ ಬೇಡ ಅಂದುಕೊಂಡರು. ಅಕ್ಕನನ್ನು ಕಟ್ಟೆಯಿಂದ ಇಳಿಸಿ ಒಯ್ದಿದ್ದ ಶೆಡ್ಡಿಗೆ ದಿನಾ ಹೋಗಿ ನೋಡುತ್ತಿದ್ದರು. ರೈಲ್ವೆಯವರು ಬಣ್ಣ ಬಳಿದರು, ಸಲಾಕೆಗೆ ಎಣ್ಣೆ ಬಿಟ್ಟರು, ಬಾಯ್ಲರಿಗೆ ತಣ್ಣೀರು ತುಂಬಿ ಒತ್ತಡ ನೋಡಿದರು, ತಡೆಯಿತು. ಒಲೆಯ ಇಟ್ಟಿಗೆ ಕಮಾನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಾಗದ ಚೆನ್ನಾಗಿರುವಾಗ ಕಟ್ಟಿದ್ದನ್ನು ಕೆಡವುವುದು ಯಾಕೆ ಅಂದರು. ತಣ್ಣೀರಿಗೆ ಆ ಬಿರುಕು ಬಾಯಿ ತೆರೆಯುವುದಿಲ್ಲ, ಬೆಂಕಿ ಬಿದ್ದ ಮೇಲೇ ತೆರೆಯುವುದು ಅಂತ ಇಡೀ ಶೆಡ್ಡಿನಲ್ಲಿ ಗೊತ್ತಿದ್ದವರು ಒಬ್ಬರೇ. ಅವರು ಸಂಜೆ ಮನೆಗೆ ಬಂದು ಕೋಟಿನ ತೋಳು ಸರಿಯಾಗಿದೆಯಾ ಅಂತ ಹಾಕಿ ನೋಡುತ್ತಿದ್ದರು.

ಮೊದಲ ಬೆಂಕಿಗೆ ಒಂಬತ್ತು ದಿನ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಡ್ರೈವರಮ್ಮ ಎದುರಿಗೇ ಕೂತರು.

"ರೀ, ಮೂರು ದಿನದಿಂದ ಅಡುಗೆಗೆ ಎರಡರಷ್ಟು ಉಪ್ಪು ಹಾಕ್ತಾ ಇದೀನಿ. ಬೇಕಂತಲೇ. ನೀವು ಒಂದು ಮಾತೂ ಆಡಿಲ್ಲ. ಏನಾಗಿದೆ?"

ಡ್ರೈವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎಲ್ಲವನ್ನೂ ಹೇಳಿದರು, ಬೋಲ್ಟುಗಳ ಲೆಕ್ಕದ ಸಮೇತ. ಡ್ರೈವರಮ್ಮ ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ. ಅದೇ ಒಂದು ಸೋಜಿಗ.

"ಅಂದರೆ ತಂಗಿ ಗಟ್ಟಿಯಾಗಿದ್ಲು" ಅಂದರು ಕೊನೆಗೆ.

"ಇನ್ನೂ ಇಪ್ಪತ್ತು ವರ್ಷ ಓಡ್ತಿದ್ಲು."

"ಅಕ್ಕ ಒಳಗೇ ಒಡೆದಿದ್ಲು."

"ಹೂಂ."

"ಮತ್ತೆ ಯಾಕ್ರೀ?"

"ಹದಿನೇಳು ವರ್ಷ ಕಣೆ. ಅವಳನ್ನ ಬೇರೆಯವಳ ಹೆಸರಲ್ಲಿ ಕೊಯ್ಯೋದು ನೋಡೋಕಾಗಲಿಲ್ಲ."

"ತಂಗಿಯನ್ನ ಅವಳ ಹೆಸರಲ್ಲೇ ಕೊಯ್ಸಿದಿರಿ."

ಡ್ರೈವರು ತಲೆ ಎತ್ತಲಿಲ್ಲ. ಡ್ರೈವರಮ್ಮ ತಟ್ಟೆ ಎತ್ತಿಕೊಂಡು, "ಮೊದಲ ಡಬ್ಬೀಲಿ ಯಾರು ಕೂರೋದು?" ಅಂತ ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದ್ದು.

"ಹೇಳಿದರೆ ಈ ಬೀದೀಲಿ ತಲೆ ಎತ್ತಿಕೊಂಡು ಓಡಾಡೋ ಹಾಗಿಲ್ಲ ನಾವು."

"ಇಷ್ಟು ದಿನ ಮೊಣಕೈ ಹೊತ್ತುಕೊಂಡು ಓಡಾಡಿದೀವಿ, ಇನ್ನು ಮೇಲೆ ಇದನ್ನೂ ಹೊತ್ತುಕೊಂಡರಾಯಿತು. ಅಂಗಡಿಯವನ ಮಗು ತೊಡೆ ಮೇಲೆ ಕೂರುತ್ತಂತೆ ರೀ. ಕೈ ತೊಳೆದು ಹೊರಡಿ."

ಅವರು ಆ ಮಧ್ಯಾಹ್ನವೇ ಹೋದರು. ಇಂಜಿನಿಯರ್ ಹುಡುಗಿ ಇಂಜಿನ್ನಿನ ಮೆಟ್ಟಿಲ ಮೇಲೆ ಕೂತು ಬೋಲ್ಟು ಉಜ್ಜುತ್ತಿದ್ದಳು.

"ಕೋಟಾಯ್ತಾ ಅಜ್ಜ?"

"ಮಗಳೇ, ಒಲೆಯೊಳಗಿನ ಇಟ್ಟಿಗೆ ಕಮಾನು ತೆಗೆಸು."

"ಯಾಕಜ್ಜ? ಕಾಗದ ಸರಿಯಾಗಿದೆಯಲ್ಲ."

"ಕಾಗದ ಇವಳದ್ದಲ್ಲ."

ಅವಳು ನಕ್ಕಳು. "ಪ್ಲೇಟು ನಲವತ್ತೊಂದು. ಸಲಾಕೆ ಮೇಲೆ ಒತ್ತಿರೋದೂ ನಲವತ್ತೊಂದು, ಗ್ರೀಸ್ ಒರೆಸಿ ನಾನೇ ನೋಡಿದೀನಿ. ಕಾಗದದಲ್ಲೂ ನಲವತ್ತೊಂದು. ಎಲ್ಲ ತಾಳೆ ಆಗ್ತಿದೆ."

"ಅದೇ ತೊಂದರೆ ಆಗಿರೋದು" ಅಂದರು ಡ್ರೈವರು. ನಿಂತುಕೊಂಡೇ ಹೇಳಿದರು. ಹೇಳುತ್ತ ಹೋದ ಹಾಗೆ ಹುಡುಗಿಯ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಯಾರು ಯಾರು ಸೇರಿ ಮಾಡಿದ್ದು ಇದನ್ನ?"

"ಮೊದಲನೇ ಸಲ ಹೇಳಿದವರೊಬ್ಬರು, ಮಾಡಿದವರು ಹಲವರು. ಎರಡನೇ ಸಲ ನಾನೊಬ್ಬನೇ. ಬರೆದುಕೋ."

ಇಟ್ಟಿಗೆ ತೆಗೆಯಲು ಒಂದು ಗಂಟೆ ಹಿಡಿಯಿತು. ಹುಡುಗಿ ಟಾರ್ಚು ಹಿಡಿದು ತಾನೇ ಒಳಗೆ ತೆವಳಿದಳು. ಡ್ರೈವರು ಹೊರಗೆ ಒಲೆಯ ಬಾಗಿಲು ಹಿಡಿದು ನಿಂತರು.

"ಎಡಗಡೆ ಅಂದ್ರಾ ಅಜ್ಜ?" ಒಳಗಿನಿಂದ ದನಿ ಗುಂಯ್ಗುಟ್ಟಿತು.

"ಎಡಗಡೆ. ಮೂಲೆಯಿಂದ ಮೂರನೇ ಬೋಲ್ಟಿನ ಕೆಳಗೆ. ಮಸಿ ಕೆರೆದು ನೋಡು."

ಕೆರೆಯುವ ಸದ್ದು ಕೇಳಿತು. ನಿಂತಿತು. ಹೊರಗೆ ಬಂದವಳು ಮುಖ ಒರೆಸಿಕೊಳ್ಳದೆ ಕಲ್ಲಿದ್ದಲ ರಾಶಿಯ ಮೇಲೆ ಕೂತಳು.

"ಬಿರುಕಿನೊಳಗೆ ಉಗುರು ಹೋಗುತ್ತೆ ಅಜ್ಜ" ಅಂದಳು. ಉಗುರಿನ ಮಸಿ ತೆಗೆಯುತ್ತ, "ಅವತ್ತು ಬೆಂಕಿ ಹಾಕೋಳು ನಾನೇ ಆಗಿದ್ದೆ. ಆರು ತಿಂಗಳಿಂದ ಸಲಿಕೆ ಹಿಡಿಯೋದು ಕಲಿತಾ ಇದೀನಿ."

ಡ್ರೈವರು ಅವಳ ಪಕ್ಕದಲ್ಲೇ ಕಲ್ಲಿದ್ದಲ ಮೇಲೆ ಕೂತರು.

ಓಟ ರದ್ದಾಯಿತು. ಪತ್ರಿಕೆಯಲ್ಲಿ ಬಂತು. ಊರ ಬಾಯಿಗೆ ಮುಚ್ಚಳ ಇದೆಯೇ? ಬದುಕಿದೆವಲ್ಲ ಅಂತ ಯಾರಾದರೂ ಅಂದಾರು ಅಂತ ನೀವು ಅಂದುಕೊಂಡರೆ, ನಿಮಗೆ ನಮ್ಮ ಬೀದಿ ಗೊತ್ತಿಲ್ಲ. ಆಗದೇ ಹೋದ ಅನಾಹುತಕ್ಕೆ ಯಾರೂ ಹೆದರುವುದಿಲ್ಲ. ಕೈತಪ್ಪಿದ ಸೀಟು ಮಾತ್ರ ಎಲ್ಲರಿಗೂ ಕಾಣುತ್ತದೆ. ಮಕ್ಕಳಿಗೆ ಹೊಸ ಬಟ್ಟೆ ಹೊಲಿಸಿದವರಿದ್ದರು, ದೂರದ ನೆಂಟರನ್ನು ಕರೆಸಿಕೊಂಡವರಿದ್ದರು. ಅದಕ್ಕಿಂತ ದೊಡ್ಡ ನೋವು ಬೇರೆ ಇತ್ತು. ಮೂವತ್ತು ವರ್ಷ ಕಟ್ಟೆಯ ಮುಂದೆ ನಿಂತು, ಇದೇ ನೋಡು ಮಂಜಿನಲ್ಲಿ ಹೋದದ್ದು ಅಂತ ಮಕ್ಕಳಿಗೆ ತೋರಿಸಿದ ಇಂಜಿನ್ನು ಅದಲ್ಲ. ಕಣ್ಣಲ್ಲಿ ನೀರು ತರಿಸಿದವಳು ಯಾವಾಗಲೋ ಗುಜರಿಯಾಗಿ, ಯಾರದೋ ಮನೆಯ ಕಿಟಕಿಯ ಸರಳಾಗಿದ್ದಾಳೆ. "ಮೊಣಕೈ ಕಂಡಾಗಲೇ ಗೊತ್ತಿತ್ತು, ಅದು ಕೈಚಳಕದ ಕೈ ಅಂತ" ಅಂದ ಅಂಗಡಿಯವನು. ಒಂದು ಬೆಳಿಗ್ಗೆ ಹಸಿರು ಗೇಟಿನ ಮೇಲೆ ಇದ್ದಿಲಲ್ಲಿ "ಕಳ್ಳ" ಅಂತ ಬರೆದಿತ್ತು. ಮಗಳು ಬಕೆಟ್ಟು ತಂದು ಉಜ್ಜಿದಳು. ಡ್ರೈವರಮ್ಮ ಬಾಗಿಲಲ್ಲಿ ನಿಂತು, ಬೀದಿಗೆ ಕೇಳುವಷ್ಟೇ ದನಿಯಲ್ಲಿ, "ಅಕ್ಷರ ದುಂಡಗಿದೆ. ಮೇಷ್ಟ್ರು ಚೆನ್ನಾಗಿ ಕಲಿಸಿದ್ದಾರೆ" ಅಂದರು. ಆದರೆ ಅವತ್ತು ಒಳಗೆ ಹೋಗಿ ಅತ್ತರಂತೆ.

ಡ್ರೈವರು ಹೊರಗೆ ಬರುವುದೇ ನಿಂತಿತು. ಎದೆಯಲ್ಲಿ ನೀರು ಸೇರಿಕೊಳ್ಳುತ್ತಿದೆ, ಮೆಟ್ಟಿಲು ಹತ್ತಬೇಡಿ, ಪ್ರಯಾಣವಂತೂ ಬೇಡವೇ ಬೇಡ ಅಂದರು ಡಾಕ್ಟರು.

ಎರಡು ತಿಂಗಳಾದ ಮೇಲೆ ಇಂಜಿನಿಯರ್ ಹುಡುಗಿ ಮತ್ತೆ ಬಂದಳು. ಈ ಸಲ ಸ್ಟೂಲಿನ ಮೇಲೆ ಕೂರಲಿಲ್ಲ, ಮಂಚದ ಪಕ್ಕ ನೆಲದ ಮೇಲೆ ಕೂತಳು. ಅವಳಿಗೆ ವರ್ಗವಾಗಿತ್ತು. ಅವಳ ಜಾಗಕ್ಕೆ ಬರುವವರು ಆಗಲೇ ಮಾತಾಡಿಕೊಳ್ಳುತ್ತಿದ್ದರು: ಬಿರುಕಿಗೆ ಬೆಸುಗೆ ಹಾಕಿ ಮುಂದಿನ ವರ್ಷ ಓಡಿಸೋಣ, ಕಾಗದ ಹೇಗೂ ಇದೆಯಲ್ಲ. ಕಾಗದ ರದ್ದು ಮಾಡಿ ಅಂತ ಅವಳು ಕೇಂದ್ರ ಕಚೇರಿಗೆ ಮೂರು ಸಲ ಬರೆದಿದ್ದಳು. ಮೊಹರು ಬಿದ್ದ ದಾಖಲೆಯನ್ನು ಪತ್ರದ ಮೇಲೆ ತಿದ್ದಲಾಗದು, ಸಂಬಂಧಪಟ್ಟವರು ಖುದ್ದಾಗಿ ಬಂದು ಹೇಳಿಕೆ ಕೊಡಬೇಕು ಅಂತ ಉತ್ತರ ಬಂದಿತ್ತು. ಮೇಲಧಿಕಾರಿಯ ಸುಳಿವಿರಲಿಲ್ಲ, ಸಂಬಂಧಪಟ್ಟವರಲ್ಲಿ ಕೈಗೆ ಸಿಗುವವರು ಇವರೊಬ್ಬರೇ. ಕೇಂದ್ರ ಕಚೇರಿ ಒಂದು ಹಗಲಿನ ದಾರಿ.

"ನೀವು ಬರಬೇಡಿ ಅಜ್ಜ. ನಾನು ಇನ್ನೊಂದು ಸಲ ಬರೀತೀನಿ. ಸುಮ್ಮನೆ ಹೇಳಿ ಹೋಗೋಣ ಅಂತ ಬಂದೆ."

"ಆ ಕಾಗದ ಇರೋ ತನಕ ಯಾರೋ ಒಬ್ಬರು ಅವಳಿಗೆ ಬೆಂಕಿ ಹಾಕ್ತಾರೆ" ಅಂದರು ಡ್ರೈವರು. "ನಾನಿರಲ್ಲ, ನೀನಿರಲ್ಲ. ಎಡಗಡೆ ಮೂಲೆ ನೋಡಿ ಅಂತ ಹೇಳೋರು ಯಾರಿರ್ತಾರೆ?"

ಮಗಳು ಅಡ್ಡ ಬಂದಳು. "ಅಪ್ಪ, ಡಾಕ್ಟರು ಏನಂದರು ಕೇಳಿಸಿಕೊಂಡಿಲ್ವಾ? ಹೋದರೆ ವಾಪಸು ಬರಲ್ಲ ನೀವು."

"ಕೇಳಿಸಿಕೊಂಡೆ ಕಣಮ್ಮ."

ಮಗಳು ಅಮ್ಮನ ಕಡೆ ನೋಡಿದಳು, ಅಮ್ಮನಾದರೂ ತಡೆಯಲಿ ಅಂತ. ಡ್ರೈವರಮ್ಮ ಎದ್ದು, ಅಟ್ಟದ ಮೇಲಿನ ಚೀಲ ಇಳಿಸಿಕೊಡು ಅಂದರು. "ನಾನೂ ಹೋಗ್ತೀನಿ. ಇವರನ್ನ ಒಬ್ಬರೇ ಬಿಟ್ಟರೆ ಏನು ಮಾಡಿ ಬರ್ತಾರೆ ಅಂತ ನೋಡಿದ್ದಾಯಿತಲ್ಲ."

ಅವರು ಹೋಗಿ ಮಾಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಂದ್ರ ಕಚೇರಿಯಲ್ಲಿ ಅವರು ಮೂರು ಗಂಟೆ ಕೂತು ಹೇಳಿದರು. ನಡುವೆ ಎರಡು ಸಲ ಉಸಿರಿಗಾಗಿ ನಿಲ್ಲಿಸಬೇಕಾಯಿತು. ಕೇಳಿದ ಅಧಿಕಾರಿ ಫೈಲು ತರಿಸಿ, ಆ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಈ ತಪಾಸಣೆ ನಲವತ್ತಮೂರರದ್ದು. ನಲವತ್ತೊಂದಕ್ಕೆ ಎಂದೂ ಬೆಂಕಿ ಹಾಕತಕ್ಕದ್ದಲ್ಲ" ಅಂತ ಬರೆದರು. ಡ್ರೈವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ ಕೆಳಗೆ ರುಜು ಹಾಕಿದರು. ಮೂರನೇ ದಿನ ಅದೇ ಊರಿನ ಆಸ್ಪತ್ರೆಯಲ್ಲಿ, ಡ್ರೈವರಮ್ಮ ಪಕ್ಕದಲ್ಲಿದ್ದ ಹಾಗೇ, ತೀರಿಕೊಂಡರು. ಅಕ್ಕ ಈಗ ಮತ್ತೆ ಕಟ್ಟೆಯ ಮೇಲೆ ತಣ್ಣಗೆ ನಿಂತಿದ್ದಾಳೆ.

ಆದರೆ ನಾವು ಅವರನ್ನು ನೋಡಿದ್ದು ಅವರು ಹೊರಟ ಬೆಳಿಗ್ಗೆ, ಕೊನೆಯ ಸಲ. ನಮ್ಮ ಬೀದಿಯೊಳಗೆ ಕಾರು ಬರುವುದಿಲ್ಲ, ತುದಿಯಲ್ಲೇ ನಿಂತಿತ್ತು. ಇಂಜಿನಿಯರ್ ಹುಡುಗಿ ಚೀಲ ಹಿಡಿದು ಮುಂದೆ ಹೋದಳು. ಡ್ರೈವರು ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಮೈಮೇಲೆ ಮಾಸಿದ ಬಿಳಿ ಅಂಗಿ. ಮಗಳು ತೋಳು ಹಿಡಿಯಲು ಬಂದಳು, ಬೇಡ ಅಂತ ಕೈಯಾಡಿಸಿದರು. ನೀರು ಹಿಡಿಯುತ್ತಿದ್ದವರು ಕೊಡ ಕೆಳಗಿಟ್ಟರು. ಎರಡು ತಿಂಗಳಿಂದ ಆ ಮನೆಯ ಕಡೆ ಮುಖ ತಿರುಗಿಸಿಕೊಂಡು ಓಡಾಡಿದವರು ಎಲ್ಲಿ ನೋಡಬೇಕೋ ತಿಳಿಯದೆ ನಿಂತರು.

ಅಂಗಡಿಯ ಮುಂದೆ ಬಂದಾಗ ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಎಲ್ಲಿಗೆ ಡ್ರೈವರೇ, ಈ ಸ್ಥಿತೀಲಿ?"

"ಸಾಕ್ಷಿ ಹೇಳೋಕೆ."

"ಯಾರ ಮೇಲೆ?"

"ನನ್ನ ಮೇಲೆ" ಅಂದರು.

ಅಂಗಡಿಯವನು ಒಳಗಿನಿಂದ ಮರದ ಸ್ಟೂಲು ತಂದು ಬೀದಿಯ ನಡುವೆ ಇಟ್ಟು, ಕೂತು ಸುಧಾರಿಸಿಕೊಳ್ಳಿ ಅಂದ. ಡ್ರೈವರು ಕೂತರು. ಡ್ರೈವರಮ್ಮ ಅವರ ಹಿಂದೆ ಹೆಗಲ ಮೇಲೆ ಕೈಯಿಟ್ಟು ನಿಂತರು. ಅಂಗಡಿಯವನ ಮಗು ಬಂದು ಅವರ ಮಂಡಿ ಹಿಡಿದುಕೊಂಡು ನಿಂತಿತು. ಅವರು ಅದರ ತಲೆ ಸವರಿ, ಮಂಡಿಯ ಮೇಲೆ ಕೈಯೂರಿ ಎದ್ದು, ಕಾರು ನಿಂತಿದ್ದ ತುದಿಯ ಕಡೆ ನಡೆದರು.